ರೆಕ್ಕೆಗೆ ಹೊದಿಸಿದ ಕಂಬಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂತರಿಕ್ಷಕ್ಕೆ ಹೋಗಬೇಕಾದ ವಿದ್ಯುತ್ ಯಂತ್ರವೊಂದನ್ನು ಕಾರವಾರದ ಹಬ್ಬುವಾಡದ ಬಾಡಿಗೆ ಮಹಡಿಯಲ್ಲೇ ಉಸಿರುಗಟ್ಟಿಸಿದವನು ನಾನು. ನಮ್ಮ ಕಚೇರಿಯ ಉಳಿದವರು ಎಂಥ ಮೂರ್ಖರೆಂದು ಮುಂದೆ ಸಾವಕಾಶವಾಗಿ ಹೇಳುತ್ತೇನೆ. ಆದರೆ ಆ ಸಾಲಿನಲ್ಲಿ ಮೊದಲು ನಿಂತವನು ನಾನೇ. ಕಾರಣ ನನ್ನ ಗಂಟಲು. ಚಿಕ್ಕಂದಿನಿಂದಲೂ ಯಾರ ದನಿ ಕೇಳಿದರೂ ಅದನ್ನು ಹಾಗೆಯೇ ಹೊರಡಿಸುವ ಚಟ. ಶಾಲೆಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ಇಡೀ ಶಾಲೆಗೆ ರಜೆ ಕೊಟ್ಟು, ಅವರದೇ ಕೈಯಿಂದ ಬೆತ್ತದ ಪ್ರಸಾದ ಪಡೆದವನು. ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಮ್ಮದು ಸಣ್ಣ ಡಿಸೈನ್ ಕಚೇರಿ. ಬೋರ್ಡು ಮಾತ್ರ ಕಟ್ಟಡಕ್ಕಿಂತ ಉದ್ದ. ಸೂರ್ಯನ ಬೆಳಕು ಸಾಲದಷ್ಟು ದೂರ ಹೋಗುವ ನೌಕೆಗಳಿಗೆ ಪ್ಲುಟೋನಿಯಂನ ಶಾಖದಿಂದ ಕರೆಂಟು ಕೊಡುವ ಯಂತ್ರವಿರುತ್ತದೆ. ಅದರ ಹೊರಕವಚದ ಮಾದರಿ ಮಾಡಿ ತೋರಿಸುವ ಕೆಲಸ ಹೇಗೋ ನಮ್ಮ ಪಾಲಿಗೆ ಬಂದಿತ್ತು. ಪ್ಲುಟೋನಿಯಂ ನಮಗೆ ಯಾರು ಕೊಡುತ್ತಾರೆ? ಅದರ ಜಾಗದಲ್ಲಿ ಒಂದು ಹೀಟರ್ ಕಡ್ಡಿ. ಯಂತ್ರದ ಮರ್ಮ ಇಷ್ಟೇ: ಒಳಗಡೆ ಬಿಸಿ ಇರಬೇಕು, ಹೊರಗಡೆ ತಂಪಿರಬೇಕು, ಎರಡರ ನಡುವಿನ ಅಂತರದಿಂದ ಕರೆಂಟು. ಹೊರಗನ್ನು ತಂಪಾಗಿಡಲು ಮೈಸುತ್ತ ಆರು ಲೋಹದ ರೆಕ್ಕೆಗಳು. ಆ ರೆಕ್ಕೆಗಳ ಡಿಸೈನು ನನ್ನದು. ಎಂಟು ತಿಂಗಳು ಅವುಗಳ ದಪ್ಪ, ಉದ್ದ, ಬಣ್ಣ ಎಂದು ಕೂತು ಕೂತು, ಊಟಕ್ಕೆ ಕೂತಾಗ ಹಪ್ಪಳ ಕಂಡರೂ ಅದರ ದಪ್ಪ ಅಳೆಯುವ ಸ್ಥಿತಿಗೆ ತಲುಪಿದ್ದೆ. ಭಾವಿಕೇರಿಯ ನಮ್ಮ ಮನೆಯಲ್ಲಿ ಆಯಿ, “ಅದ್ರಾಗೆ ಬಚ್ಚಲ ನೀರು ಕಾಯ್ತದನಾ?” ಎಂದು ಕೇಳಿದಳು. ಕಾಯುವುದಿಲ್ಲ ಎಂದೆ. “ಮತ್ತೆ ಎಂಟು ತಿಂಗ್ಳು ಎಂತ ಮಾಡ್ದೆ?” ಎಂದಳು.

ಕಚೇರಿಯ ಯಜಮಾನರು ರಾಯಕರ ಸರ್. ಅವರಿಗೆ ತಿಳಿದ ವಿಜ್ಞಾನವೆಲ್ಲ ಅವರ ಕಷಾಯದ ಫ್ಲಾಸ್ಕಿನಲ್ಲಿದೆ. ಬೆಳಿಗ್ಗೆ ತುಂಬಿದ ಕಷಾಯ ಸಂಜೆಗೂ ಬಿಸಿ ಇರುವುದೇ ಅವರ ಬಾಳಿನ ದೊಡ್ಡ ಸಾಧನೆ. ಪ್ರತಿ ಮೀಟಿಂಗಿನಲ್ಲೂ ಮೂಗಿನಿಂದ, “ಶಾಖ ಸೋರಬಾರದು, ಒಂದು ತೊಟ್ಟೂ ಸೋರಬಾರದು,” ಎಂದು ಮೇಜು ಕುಟ್ಟುತ್ತಿದ್ದರು. ರೆಕ್ಕೆಗಳಿರುವುದೇ ಶಾಖ ಹೊರಹಾಕಲಿಕ್ಕೆ ಎಂದು ನಾನು ಹೇಳಿದಾಗಲೆಲ್ಲ ಫ್ಲಾಸ್ಕಿನ ಮುಚ್ಚಳ ತೆಗೆದು ನನಗೆ ಹಬೆ ತೋರಿಸುತ್ತಿದ್ದರು.

ಮಾದರಿಯ ಪರೀಕ್ಷೆಯ ಹಿಂದಿನ ಸಂಜೆ ಭಾವಿಕೇರಿಯಲ್ಲಿ ಹೊತ್ತು ಹೋಗದೆ ನನ್ನ ಗಂಟಲು ತುರಿಸಿತು. ನಮ್ಮ ಫಿಟ್ಟರ್ ಬೆಳಂಬಾರದ ಬೊಮ್ಮಯ್ಯ ಇನ್ನೂ ಕಚೇರಿಯಲ್ಲಿದ್ದ. ಅವನ ಫೋನಿನ ಪರದೆ ಒಡೆದು, ಯಾರು ಕರೆ ಮಾಡಿದರೆಂದು ಕಾಣುತ್ತಿರಲಿಲ್ಲ. ಅವನಿಗೆ ಫೋನ್ ಮಾಡಿ ಸರ್ ದನಿಯಲ್ಲಿ ಶುರು ಮಾಡಿದೆ: “ಬೊಮ್ಮಯ್ಯ, ಶಾಖ ಸೋರಬಾರದು. ಆರೂ ರೆಕ್ಕೆಗೆ ಬುಡದಿಂದ ತುದಿಯವರೆಗೆ ಗ್ಲಾಸ್‌ವುಲ್ ಹೊದಿಕೆ ಸುತ್ತಿಬಿಡು. ಫ್ಲಾಸ್ಕಿನ ಹಾಗೆ.” ನಕ್ಕು ನನ್ನ ಹೆಸರು ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಬೊಮ್ಮಯ್ಯನೂ ನಕ್ಕಿರುತ್ತಾನೆಂದು ನೆಮ್ಮದಿಯಿಂದ ಮಲಗಿದೆ.

ಮರುದಿನ ಹೋಗಿ ನೋಡಿದರೆ ನನ್ನ ಯಂತ್ರ ಚಳಿಜ್ವರ ಬಂದವರಂತೆ ಕಂಬಳಿ ಹೊದ್ದು ಕೂತಿದೆ. ಕೆಲಸ ಕೊಟ್ಟ ಸಂಸ್ಥೆಯಿಂದ ಪರೀಕ್ಷೆಗೆ ಬಂದ ಮೇಡಂ ಎದುರಿಗೇ ಇದ್ದಾರೆ, ಹೀಟರ್ ಆಗಲೇ ಕಾಯುತ್ತಿದೆ. “ರೆಕ್ಕೆ ಮುಚ್ಚಲು ಹೇಳಿದವರು ಯಾರು?” ಎಂದು ಮೇಡಂ ಕೇಳಿದರು. ಸರ್ ಗಲಿಬಿಲಿಯಿಂದ ಬೊಮ್ಮಯ್ಯನತ್ತ ತಿರುಗಿದರು. ಅವನು ತಣ್ಣಗೆ, “ನಿಮ್ದೇ ಸ್ವರದಾಗೆ ಫೋನ್ ಬಂದಿತ್ತಲ್ಲ ಸರ್,” ಎಂದ. ಮರೆತಿದ್ದೇನೆ ಎಂದು ಒಪ್ಪಿಕೊಳ್ಳುವ ಜಾತಿಯಲ್ಲ ನಮ್ಮ ಸರ್. “ಹೌದ್ಹೌದು, ನಾನೇ ಹೇಳಿದ್ದು. ತುಂಬ ವಿಚಾರ ಮಾಡಿ ಹೇಳಿದ್ದು,” ಎಂದು, ತಾವು ಕನಸಿನಲ್ಲೂ ಕಾಣದ ಆ ಆವಿಷ್ಕಾರದ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದರು. ಭಾಷಣ ಏರಿದ ಹಾಗೆಲ್ಲ ಮೀಟರಿನ ಮುಳ್ಳು ಇಳಿಯಿತು. ಹೊರಗೂ ಒಳಗಿನಷ್ಟೇ ಬಿಸಿಯಾದರೆ ಕರೆಂಟು ಎಲ್ಲಿಂದ ಬಂದೀತು? ಮುಳ್ಳು ಸೊನ್ನೆಯ ಹತ್ತಿರ ಬಂದದ್ದೇ ಸರ್ ಒಮ್ಮೆಲೇ ಮಗ್ಗಲು ಬದಲಿಸಿದರು. “ಹೊದಿಕೆಯದ್ದೇನೂ ತಪ್ಪಿಲ್ಲ ಮೇಡಂ. ಇವನ ರೆಕ್ಕೆಯೇ ಸರಿಯಿಲ್ಲ. ಮೊದಲಿಂದ ಹೇಳ್ತಾ ಬಂದಿದ್ದೇನೆ.”

ಮೇಡಂ ಪೆನ್ನು ತೆಗೆದರು. ಅವರು ರೆಕ್ಕೆ ಬೇಡವೆಂದು ಬರೆದರೆ ನನ್ನ ಎಂಟು ತಿಂಗಳು ಗುಜರಿಗೆ. ಮಾನ ಉಳಿಸಿಕೊಳ್ಳುವುದೋ ರೆಕ್ಕೆ ಉಳಿಸಿಕೊಳ್ಳುವುದೋ ಎಂದು ಅರೆಕ್ಷಣ ಯೋಚಿಸಿದೆ. ಮಾನವಂತೂ ಶಾಲೆಯಲ್ಲೇ ಹೋಗಿತ್ತು. “ಫೋನ್ ಮಾಡಿದ್ದು ನಾನು. ಸರ್ ದನಿಯಲ್ಲಿ,” ಎಂದೆ. ಸರ್ ನಕ್ಕುಬಿಟ್ಟರು. “ನನ್ನ ಸ್ವರ ನಿನಗೆ ಬರ್ತದನಾ?” ಬೇರೆ ದಾರಿಯಿಲ್ಲದೆ ಮೂಗಿನಿಂದಲೇ ಶುರುಮಾಡಿದೆ: “ಶಾಖ ಸೋರಬಾರದು, ಒಂದು ತೊಟ್ಟೂ ಸೋರಬಾರದು.” ಮೇಡಂ ನೋಟ್‌ಬುಕ್ಕಿನಿಂದ ಮುಖ ಮುಚ್ಚಿಕೊಂಡರು, ಅವರ ಭುಜ ಕುಲುಕುತ್ತಿತ್ತು. “ಇದು ನನ್ನ ಸ್ವರವೇ ಅಲ್ಲ,” ಎಂದು ಸರ್ ಅದೇ ಸ್ವರದಲ್ಲಿ ಹೇಳಿದರು.

ನಮ್ಮಿಬ್ಬರ ಈ ನಾಟಕ ನಡೆದಿರುವಾಗ ಬೊಮ್ಮಯ್ಯ ಕೈಗವಸು ಹಾಕಿ ಹೊದಿಕೆ ಬಿಚ್ಚತೊಡಗಿದ್ದ. ಫ್ಯಾನನ್ನೂ ಅತ್ತ ತಿರುಗಿಸಿದ. ಆರನೆಯ ರೆಕ್ಕೆ ಬಯಲಾದ ಸ್ವಲ್ಪ ಹೊತ್ತಿಗೆ ಮುಳ್ಳು ಅಲುಗಿ ಮೇಲೇರಿತು, ಎಲ್ಲಿಗೆ ಏರಬೇಕೆಂದು ನಾನು ಲೆಕ್ಕ ಹಾಕಿದ್ದೆನೋ ಅಲ್ಲಿಗೇ. ಮೇಡಂ ಅದನ್ನು ಬರೆದುಕೊಂಡರು. ನನಗೆ ಧೈರ್ಯ ಬಂತು, ಧೈರ್ಯ ಬಂದರೆ ನನಗೆ ಸೊಕ್ಕೂ ಬರುತ್ತದೆ. “ಹೇಳು ಬೊಮ್ಮಣ್ಣ, ನಿನ್ನೆ ಸರ್ ಸ್ವರಕ್ಕೆ ನೀನು ಮೋಸ ಹೋದೆ ಹೌದೋ ಅಲ್ಲವೋ?” ಎಂದೆ.

ಬೊಮ್ಮಯ್ಯ ಕೈಗವಸು ಕಳಚುತ್ತ ಹೇಳಿದ: “ಸ್ವರ ಸರ್‌ದೇ ಹೌದು ತಮಾ. ಆದ್ರೆ ರೆಕ್ಕೆ ಆರು ಅದೆ ಅಂತ ಸರ್‌ಗೆ ಇವತ್ತಿಗೂ ಗೊತ್ತಿಲ್ಲ. ಆರೂ ರೆಕ್ಕೆ ಅಂದ ಕೂಡ್ಲೇ ಇದು ನೀನೇ ಅಂತ ತಿಳೀತು. ಸರ್ ಹೇಳಿದ್ರೆ ನಾ ಮುಚ್ತಿದ್ದಿಲ್ಲ. ಡಿಸೈನ್ ಮಾಡ್ದವ್ನೇ ಹೇಳ್ತಾನಲ್ಲ ಅಂತ ಮುಚ್ದೆ.”