ಎರಡನೇ ತೊಟ್ಟಿಯ ಮೀನುಗಳ ಆರೈಕೆ

ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ ಸಂಶೋಧಕ ಅದನ್ನು ತಿರುಗಿಸಿ ಮತ್ತೆ ನೋಡಿದ. ಎರಡನೇ ತೊಟ್ಟಿಯ ಮೀನುಗಳ ಬೆನ್ನುಮೂಳೆ ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೆಟ್ಟಗಿತ್ತು!

ನೆಟ್ಟಗಿರಲೇಬಾರದಿತ್ತು. ಮೂಳೆಗೆ ಬೇಕಾದ ರಂಜಕವನ್ನು ಎರಡೂ ತೊಟ್ಟಿಗಳ ಆಹಾರದಿಂದ ತೆಗೆದು, ಮೊದಲನೆಯದರ ಮೀನುಗಳಿಗೆ ಮಾತ್ರ ಬೆನ್ನು ಬಾಗದಂತೆ ತಡೆಯುವ ಹಾರ್ಮೋನ್ ಚುಚ್ಚುತ್ತಾ ವರ್ಷವಿಡೀ ಕಾದಿದ್ದ. ಹಾರ್ಮೋನ್ ಸಿಗದ ಮೀನುಗಳು ಮೂರು ತಿಂಗಳ ಹಿಂದೆ ಕುಡುಗೋಲಿನಂತೆ ಬಾಗಿದ್ದವು. ಪ್ರಬಂಧ ಒಪ್ಪಿಸಲು ಇವತ್ತೇ ಕೊನೆಯ ದಿನ; ಮೂರು ಸಲ ಮುಂದಕ್ಕೆ ತಳ್ಳಿದ ಗಡುವಿಗೆ ಇನ್ನು ಹೋಗಲು ಜಾಗವಿರಲಿಲ್ಲ.

"ಈ ತೊಟ್ಟಿಗೆ ಯಾರು ಏನು ಹಾಕಿದ್ರಿ?" ಎಂದು ಕೂಗಿದ.

ಕಸ ಗುಡಿಸುವ ಅಜ್ಜಿ ಪೊರಕೆ ಕೆಳಗಿಟ್ಟಳು. "ಗೂನುಬೆನ್ನು ನೋಡಿ ಕರುಳು ಚುರ್ ಅಂತು ಕಣಪ್ಪಾ. ದಿನಾ ಚೂರು ಮೊಟ್ಟೆ ಹಾಕ್ತಿದ್ದೆ."

"ನೀವೂನಾ? ನಾನು ಹಾಲಿನ ಪುಡಿ ಹಾಕ್ತಿದ್ದೆ," ಎಂದಳು ಟೈಪಿಸ್ಟ್.

ಕಾವಲುಗಾರ ಮೀಸೆ ತಿರುವಿದ. "ಅದರಿಂದೆಲ್ಲ ಏನಾಗತ್ತೆ? ನನ್ನ ಒಣಮೀನಿನ ಪುಡಿಯಿಂದ್ಲೇ ಅವು ಚೇತರಿಸ್ಕೊಂಡಿದ್ದು."

ಹೆಗ್ಗಳಿಕೆ ಯಾರದೆಂದು ಮೂವರೂ ಅಲ್ಲೇ ಜಗಳಕ್ಕೆ ನಿಂತರು. ಸಂಶೋಧಕ ಬಾಲ ಸುಟ್ಟ ಬೆಕ್ಕಿನಂತೆ ಸುತ್ತಿದ. "ನನ್ನ ಒಂದು ವರ್ಷ ನುಂಗಿ ನೀರು ಕುಡಿದ್ರಲ್ಲ! ಮೂವರ ಕೆಲಸಾನೂ ತೆಗೆಸ್ತೀನಿ!"

ಮೇಲಿನ ಮಹಡಿಗೆ ಓಡಿ, ತನ್ನ ಮಾರ್ಗದರ್ಶಕ ಪ್ರೊಫೆಸರರ ಮುಂದೆ ಅಳು ನುಂಗಿಕೊಂಡು ಎಲ್ಲ ಹೇಳಿದ. ಅವರು ಫಿಲ್ಮ್ ನೋಡುತ್ತಾ ಕುರ್ಚಿಯಿಂದ ಎದ್ದೇಬಿಟ್ಟರು.

"ಹುಚ್ಚಪ್ಪಾ, ಇದಕ್ಕೆ ಅಳ್ತಾರಾ? ಬಾಗಿದ ಬೆನ್ನು ಬರೀ ಆಹಾರದಿಂದ ನೆಟ್ಟಗಾಗಿದೆ! ಹಾರ್ಮೋನ್ ಹಾಳಾಗ್ಲಿ, ಇದನ್ನೇ ಬರಿ. ಯಾರು ಏನು, ಎಷ್ಟು ಹಾಕಿದ್ರು ಅಂತ ಬರೆಸಿ ಸಹಿ ಮಾಡಿಸ್ಕೊಂಡು ಬಾ. ಗಡುವು ನಾನು ನೋಡ್ಕೋತೀನಿ."

ಸಂಶೋಧಕನಿಗೆ ಹೋದ ಜೀವ ಬಂದಂತಾಯಿತು. ಮೂರು ಮೂರು ಮೆಟ್ಟಿಲು ಹಾರುತ್ತಾ ಕೆಳಗೆ ಓಡಿದ.

"ಅಜ್ಜೀ, ದಿನಕ್ಕೆ ಎಷ್ಟು ಮೊಟ್ಟೆ?"

"ಮೊಟ್ಟೆನಾ? ಯಾವ ಮೊಟ್ಟೆ?"

ಕಾವಲುಗಾರ ಗೋಡೆ ನೋಡಿದ. "ನಾವು ಮೀನಿನ ಕೋಣೆ ಒಳಗೇ ಕಾಲಿಟ್ಟಿಲ್ಲ ಸಾರ್."

"ಕೈ ಮುಗೀತೀನಿ, ನಿಜ ಹೇಳಿ! ಯಾರ ಕೆಲಸಾನೂ ಹೋಗಲ್ಲ!"

"ಹೋಗಲ್ಲ ಅಂತ ನಮಗೂ ಗೊತ್ತು," ಟೈಪಿಸ್ಟ್ ಯಂತ್ರಕ್ಕೆ ಹೊದಿಕೆ ಹಾಕಿದಳು. "ಮೂವರೂ ಸಹಿ ಹಾಕಿ ಸಂಸ್ಥೆಯ ನಿರ್ದೇಶಕರಿಗೆ ಆಗ್ಲೇ ದೂರು ಕೊಟ್ಟಾಯ್ತು. ಆ ತೊಟ್ಟಿಗೆ ಕದ್ದು ತಿನ್ನಿಸ್ತಿದ್ದಿದ್ದು ನೀವೇ, ಕಿಟಕಿಯಿಂದ ಕಣ್ಣಾರೆ ನೋಡಿದ್ದೀವಿ ಅಂತ."

ಮೇಲಿನ ಮಹಡಿಯಲ್ಲಿ ನಿರ್ದೇಶಕರ ಕರೆಗಂಟೆ ಮೊಳಗಿತು.

"ಹೋಗಪ್ಪಾ," ಎಂದಳು ಅಜ್ಜಿ, ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿಕೊಂಡು, "ನಿನ್ನನ್ನೇ ಕರೀತಿರೋದು."