ಆಡಿಗೆ ಹೇಳಿದ ಮಾತು

ಪಕ್ಕದ ಮನೆಯ ಕಾಕು ನಮ್ಮೊಂದಿಗೆ ಮಾತು ಬಿಟ್ಟಿದ್ದರು. ಆ ಕಾಲದಲ್ಲಿ ಅವರಷ್ಟು ನಮ್ಮೊಂದಿಗೆ ಮಾತಾಡಿದವರು ಇಡೀ ಬಸವಕಲ್ಯಾಣದಲ್ಲಿ ಇನ್ನೊಬ್ಬರಿಲ್ಲ!

ಜಗಳಕ್ಕೆ ಕಾರಣ ಸಂಡಿಗೆ. ಕಾಕುವಿನ ಆಡು ಚಂದ್ರಿ ಗೋಡೆ ಹಾರಿ ಬಂದು, ನಾವು ಒಣಹಾಕಿದ್ದ ಸಂಡಿಗೆಯನ್ನೆಲ್ಲ ಮೇಯ್ದಿತ್ತು. “ಆಡಿಗೆ ಏನಂತೀರಿ, ಸಾಕಿದವರಿಗೆ ಬುದ್ಧಿ ಬ್ಯಾಡೇನು?” ಎಂದರು ನಮ್ಮತ್ತೆ. ಕಾಕು ಆಣೆ ಇಟ್ಟರು: ಇನ್ನು ಆ ಮನೆಯವರೊಂದಿಗೆ ಮಾತಿಲ್ಲ. ಆದರೆ ಹೇಳುವುದು ಇದ್ದೇ ಇರುತ್ತದಲ್ಲ? ಎಲ್ಲವನ್ನೂ ಆಡಿಗೆ ಹೇಳತೊಡಗಿದರು, ನಮಗೆ ಕೇಳುವಷ್ಟು ಗಟ್ಟಿಯಾಗಿ. ನಮ್ಮಲ್ಲಿ ಆಡಿರಲಿಲ್ಲ. ಅತ್ತೆ ಬಟ್ಟೆ ಒಗೆಯುವ ಕಲ್ಲಿಗೆ ಉತ್ತರ ಕೊಡುತ್ತಿದ್ದರು.

ನಾನಾಗ ಹೊಸ ಸೊಸೆ. ಮಾತಾಡುವಾಗ ಎದುರಿನವರ ಮುಖ ನೋಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಇಲ್ಲಿ ನೋಡಿದರೆ ಆ ಮುಖಕ್ಕೆ ಗಡ್ಡ!

ಒಂದು ಬೆಳಿಗ್ಗೆ ಕಾಕು, “ಏ ಚಂದ್ರಿ, ಇವತ್ತ ನಳ ಜಲ್ದಿ ಬಂದದ. ಮಂದಿ ಇನ್ನಾ ಮಕ್ಕೊಂಡಾರ ನೋಡು!” ಎಂದರು.

“ಅತ್ತೀ, ಕಾಕುಗೆ ಆಡಿನ ಮ್ಯಾಲ ಎಷ್ಟು ಪ್ರೀತಿ!” ಎಂದೆ.

“ಹುಚ್ಚಿ, ಕೊಡ ತಗೊಂಡು ಓಡು. ಅದು ನಿನಗ ಹೇಳಿದ್ದು!”

ಅತ್ತೆಗೆ ಜ್ವರ ಬಂದಾಗಲೂ ಅಷ್ಟೆ. “ಚಂದ್ರಿ, ಗ್ವಾಡಿ ಮ್ಯಾಲ ಶುಂಠಿ ಇಟ್ಟೀನಿ. ಜ್ವರ ಬಂದವರು ಕುದಿಸಿ ಕುಡೀಬೇಕು. ನೀ ಬಾಯಿ ಹಾಕಬ್ಯಾಡ!” ಆಡು ಮಾತು ಕೇಳುವುದುಂಟೆ? ಅರ್ಧ ಅದೇ ತಿಂದಿತು. ಉಳಿದರ್ಧದಲ್ಲಿ ಅತ್ತೆ ಎದ್ದು ಕೂತು, ಕಲ್ಲಿಗೆ ವರದಿ ಒಪ್ಪಿಸಿದರು: “ಔಷಧ ಬಾಳ ಖಾರ ಅದ, ಕೊಟ್ಟವರ ಬಾಯಿಯಂಗ!”

ಹೀಗಿರುವಾಗ ಕಾಕುವಿನ ಮಗಳಿಗೆ ಹುಮನಾಬಾದಿನಿಂದ ಸಂಬಂಧ ಬಂತು. ತಂದೆಯಿಲ್ಲದ ಹುಡುಗಿ. ಹಿಂದೊಮ್ಮೆ ಕೂಡಿಬಂದದ್ದು ಯಾರದೋ ಚಾಡಿಯಿಂದ ಮುರಿದಿತ್ತು. ನಮ್ಮ ಕಡೆ ಹೆಣ್ಣು ನೋಡುವವರು ಮೊದಲು ಹೆಣ್ಣಿನ ಮನೆಗೆ ಹೋಗುವುದಿಲ್ಲ; ಅವರ ಪೈಕಿ ಒಬ್ಬಾಕೆ ನೀರು ಕೇಳುವ ನೆವದಲ್ಲಿ ಪಕ್ಕದ ಮನೆ ಹೊಕ್ಕು ವಿಚಾರಿಸುತ್ತಾಳೆ. ಪಕ್ಕದ ಮನೆ ಎಂದರೆ ನಮ್ಮದೇ!

ಅಂದು ಬೆಳಿಗ್ಗೆ ಕಾಕು, “ಚಂದ್ರಿ, ಸಂಜಿಗೆ ಹುಮನಾಬಾದ ಮಂದಿ ಬರಾಕತ್ತಾರ. ಯಾರರ ಏನರ ಕೇಳಿದ್ರ...” ಎಂದು ಅಲ್ಲಿಗೇ ನಿಲ್ಲಿಸಿದರು. ಅತ್ತೆ ಬಟ್ಟೆ ಒಗೆಯುತ್ತಲೇ ಇದ್ದರು.

ಮಧ್ಯಾಹ್ನ ವರನ ಸೋದರತ್ತೆ ಬಂದಳು. “ಬಿಸಿಲು ಬಾಳ ಅದ್ರಿ, ಒಂದು ತಂಬಗಿ ನೀರು ಕೊಡ್ರಿ.” ನಾನು ಕೊಟ್ಟ ನೀರನ್ನು ಆಕೆ ಎರಡೇ ಗುಟುಕು ಕುಡಿದು ಕೆಳಗಿಟ್ಟಳು.

“ಹುಡುಗಿ ಹ್ಯಾಂಗ್ರಿ?”

ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

“ಬಂಗಾರ ಅದಾಳ್ರಿ,” ಎಂದರು ಅತ್ತೆ.

“ತಾಯಿ ಜಗಳಗಂಟಿ ಅಂತ. ಖರೇನ್ರಿ?”

ಅತ್ತೆ ಕೈ ಒರೆಸಿಕೊಂಡರು.

“ಖರೇ ಅದ್ರಿ. ನನ್ನ ಕೂಡಾನೇ ಜಗಳ ಅದ. ಅದು ನಮ್ಮಿಬ್ಬರದು, ಹೊರಗಿನವರಿಗೆ ಪಾಲು ಕೊಡಂಗಿಲ್ಲ. ಗಂಡ ಹ್ವಾದ ಮ್ಯಾಲ ಒಬ್ಬಾಕಿನೇ ಆ ಪೋರಿನ ಬೆಳಸ್ಯಾಳ. ಯಾರ ಮುಂದೂ ಕೈ ಚಾಚಿಲ್ಲ. ಅಂಥಾಕಿ ಬೀಗತಿ ಸಿಗಬೇಕಾದ್ರ ನೀವು ಪುಣ್ಯ ಮಾಡಿರಬೇಕು. ಮತ್ತ ಆ ಪೋರಿಗೆ ಹೇಳೋರು ಕೇಳೋರು ಇಲ್ಲ ಅಂತ ತಿಳೀಬ್ಯಾಡ್ರಿ. ಕಣ್ಣಾಗ ನೀರು ಬಂತಂದ್ರ ಮೊದಲ ಹುಮನಾಬಾದ ಬಸ್ ಹತ್ತಾಕಿ ನಾನು!”

ಸೋದರತ್ತೆ ಉಳಿದ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದು ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ಕಾಕು ನಮ್ಮ ತಲೆಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಇನ್ನೂ ಪಾತ್ರೆ ತಿಕ್ಕಿದ ಬೂದಿ.

“ಅಕ್ಕಾ, ನನ್ನ ಕೈಯೆಲ್ಲಾ ಬೂದಿ ಅದ. ಪೋರಿ ಜಡಿ ನೀನೇ ಹಾಕು ಬಾ.”

ಅತ್ತೆ ಗೂಡಿನಲ್ಲಿದ್ದ ಹಣಿಗೆ ತೆಗೆದುಕೊಂಡರು.

“ನಡಿ. ಅಳಬ್ಯಾಡ, ನಿನ್ನ ನೋಡಿ ಪೋರಿನೂ ಅಳತಾಳ,” ಎಂದು ಕಾಕುವಿನ ಬೂದಿಗೈಯನ್ನು ತಮ್ಮ ಸೆರಗಿನಿಂದ ಒರೆಸುತ್ತ, ಅದೇ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು.