ನಿನ್ನೆ ಥರಾನೇ, ಇಡ್ತೀನಿ

ನಮ್ಮ ಭಾವ ಇಡೀ ಜನ್ಮದಲ್ಲಿ ಆಡಿದ ಮಾತುಗಳನ್ನೆಲ್ಲ ಗುಡ್ಡೆ ಹಾಕಿದರೂ ನಾನು ಒಂದು ಬೆಳಿಗ್ಗೆ ಹಾಲಿನ ಡೇರಿಯ ಸಾಲಿನಲ್ಲಿ ನಿಂತು ಆಡುವಷ್ಟು ಆಗುವುದಿಲ್ಲ. ಇದು ಅತಿಯಾಯಿತು ಅಂತ ನಿಮಗೆ ಅನ್ನಿಸಿದರೆ ನೀವು ಭಾವನನ್ನು ನೋಡಿಲ್ಲ, ಇಲ್ಲವೇ ನನ್ನನ್ನು ನೋಡಿಲ್ಲ! ಅಂಥ ಮನುಷ್ಯನನ್ನು ನಮ್ಮಕ್ಕ ಹೋಗುವಾಗ ನನ್ನ ಕೊರಳಿಗೆ ಕಟ್ಟಿ ಹೋಗಿದ್ದಾಳೆ. ಒಡವೆ ಕೊಟ್ಟು ಹೋಗಿದ್ದರೆ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮಾತೇ ಬಾರದ ಈ ಭಾವನನ್ನು ಎಲ್ಲಿ ಇಟ್ಟುಕೊಳ್ಳಲಿ?

ಭಾವ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕರು. ಯಾರಾದರೂ ‘ನಾನೊಂದು ಹೊಸದನ್ನು ಕಂಡುಹಿಡಿದಿದ್ದೇನೆ, ಅದರ ಹಕ್ಕು ನನಗೆ ಕೊಡಿ’ ಎಂದು ಅರ್ಜಿ ಹಾಕಿದರೆ, ಅದು ನಿಜವಾಗಿಯೂ ಹೊಸದೋ ಅಥವಾ ಹಿಂದೆಯೇ ಇನ್ನಾರೋ ಮಾಡಿಟ್ಟಿದ್ದಾರೋ ಎಂದು ಜಾಲಾಡಿ ನೋಡುವುದು ಅವರ ಕೆಲಸ. ಸಾಮಾನ್ಯವಾಗಿ ಇನ್ನಾರೋ ಮಾಡಿಟ್ಟೇ ಇರುತ್ತಾರಂತೆ. ಭಾವನ ಮೇಜಿಗೆ ಬರುವ ಅರ್ಜಿಗಳೆಲ್ಲ ವಿಡಿಯೋವನ್ನು ಕುಗ್ಗಿಸಿ ಕಳಿಸುವ ಉಪಾಯಗಳಿಗೆ ಸಂಬಂಧಿಸಿದವು. ಅದರಲ್ಲೂ ಮೋಷನ್ ಕಾಂಪೆನ್ಸೇಷನ್ ಎಂಬ ಒಂದು ವಿದ್ಯೆಯಲ್ಲಿ ಅವರು ಪಳಗಿದ ಕೈ.

ಈ ಹೆಸರು ತೂಬಗೆರೆಯಲ್ಲಿ, ಅಂದರೆ ಭಾವನ ಊರಿನಲ್ಲಿ, ಮಾಡಿದ ಅವಾಂತರ ಅಷ್ಟಿಷ್ಟಲ್ಲ. ನಮ್ಮ ಸೀಮೆಯಲ್ಲಿ ಕಾಂಪೆನ್ಸೇಷನ್ ಎಂದರೆ ಜಮೀನು ಕಳಕೊಂಡವರಿಗೆ ಸರ್ಕಾರ ಕೊಡುವುದು, ಅಷ್ಟೇ. ದೇವನಹಳ್ಳಿ ಕಡೆಯಿಂದ ಒಬ್ಬ ಮುದುಕಪ್ಪ ಪಹಣಿ, ನಕಾಶೆ ಎಲ್ಲ ಕಂಕುಳಲ್ಲಿ ಇಟ್ಟುಕೊಂಡು ಬಂದು ಅಕ್ಕನ ಮನೆಯ ಜಗುಲಿಯಲ್ಲಿ ಕೂತುಬಿಟ್ಟ. ರಜೆಗೆ ಬಂದಿದ್ದ ಭಾವ ಅಷ್ಟನ್ನೂ ಕೊನೆಯ ಹಾಳೆಯವರೆಗೆ ಓದಿದರು. ಓದಿ, ಮಡಿಸಿ, ವಾಪಸು ಕೊಟ್ಟು, “ನಂದು ಅಲ್ಲಾಡೋದಕ್ಕೆ ಸಂಬಂಧಪಟ್ಟಿದ್ದು. ಜಮೀನು ಅಲ್ಲಾಡಲ್ಲ,” ಎಂದು ಒಳಗೆ ಹೋದರು. ಮುದುಕಪ್ಪ ಬಹಳ ದೊಡ್ಡ ಅಧಿಕಾರಿ ಇರಬೇಕು ಅಂದುಕೊಂಡು ಕೈ ಮುಗಿದು ಹೋದ.

ಏನಿದು ಅಲ್ಲಾಡುವುದು ಎಂದು ನನಗೂ ತಲೆ ಕೆಟ್ಟಿತ್ತು. ಒಮ್ಮೆ ಸೂಲಿಬೆಲೆಗೆ ನಮ್ಮ ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ಅಡ್ಡ ಹಾಕಿಕೊಂಡು, ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಿದ ಹೊರತು ಕಾಫಿ ಇಲ್ಲ ಎಂದೆ. ಕಾಫಿಯ ಆಸೆಗೆ ಭಾವ ಬಾಯಿ ಬಿಟ್ಟರು.

“ಈ ಕೊಟ್ಟಿಗೆ ಚಿತ್ರ ಒಂದ್ಸಲ ಪೂರ್ತಿ ಕಳಿಸಿದೀನಿ ಅಂದ್ಕೋ. ಈಗ ಹಸು ತಲೆ ತಿರುಗಿಸ್ತು. ಗೋಡೆ, ಗೋದಲಿ, ಸೂರು ಎಲ್ಲಾ ಮತ್ತೆ ಯಾಕೆ ಕಳಿಸ್ಲಿ? ತಲೆ ಈ ಕಡೆಗೆ ಇಷ್ಟು ಸರೀತು ಅಂದ್ರೆ ಸಾಕು. ಆ ಕಡೆಯೋನ ಹತ್ರ ಹಳೇ ಚಿತ್ರ ಇದೆಯಲ್ಲ, ಅದರಲ್ಲೇ ತಲೆ ಸರಿಸ್ಕೋತಾನೆ.”

“ಅವನ ಹತ್ರ ಹಳೇ ಚಿತ್ರ ಇಲ್ದಿದ್ರೆ?”

ಭಾವ ಹಸುವಿನ ಕೊರಳ ಕೆಳಗೆ ಜೋತ ಗಂಗೆದೊಗಲು ಸವರಿದರು. “ಆಗ ಏನು ಹೇಳಿದ್ರೂ ಅರ್ಥ ಆಗಲ್ಲ. ಮೊದ್ಲಿಂದ ಪೂರ್ತಿ ಕಳಿಸ್ಬೇಕು,” ಎಂದರು.

ಈ ಮನುಷ್ಯ ಸಂಸಾರವನ್ನೂ ಹಾಗೆಯೇ ಮಾಡುತ್ತಿದ್ದಾರೆ ಎಂದು ನನಗೆ ಹೊಳೆದದ್ದು ಆಗಲೇ. ಮದುವೆಯಾದ ಹೊಸದರಲ್ಲಿ ಅಕ್ಕ ಚೆನ್ನೈನಲ್ಲಿ ಒಂದೇ ಒಂದು ತಿಂಗಳು ಇದ್ದಳು. ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆದು ತೂಬಗೆರೆಗೆ ವಾಪಸು ಬಂದವಳು ಅಲ್ಲೇ ನಿಂತಳು. ಅತ್ತೆ ಹೋದ ಮೇಲಾದರೂ ಹೋಗಬಹುದಿತ್ತು. ಆ ಹೊತ್ತಿಗೆ ಹೊಲ, ಹಸು, ಊರು ಎಲ್ಲ ಸೇರಿ ಅವಳನ್ನು ಹಿಡಿದುಕೊಂಡಿದ್ದವು. ಮಕ್ಕಳಾಗಲಿಲ್ಲ. ಭಾವ ರಜೆ ಸಿಕ್ಕಾಗ ಬರುವುದು, ಉಳಿದ ದಿನವೆಲ್ಲ ಸಾಯಂಕಾಲ ಫೋನು.

ಅದೇನು ಫೋನು ಅಂತೀರಿ! “ನಿನ್ನೆ ಥರಾನೇ. ಮಜ್ಜಿಗೆ ಹುಳಿಯಾಗಿತ್ತು. ಇಡ್ತೀನಿ.” ಮುಗಿಯಿತು. ಕೆಲವು ದಿನ ಮಜ್ಜಿಗೆಯೂ ಇಲ್ಲ. “ನಿನ್ನೆ ಥರಾನೇ, ಇಡ್ತೀನಿ.” ನಾನು ಪಕ್ಕದಲ್ಲಿದ್ದರೆ ನನಗೇ ಹೊಟ್ಟೆ ಉರಿಯುತ್ತಿತ್ತು. ಆದರೆ ಅಕ್ಕ ಫೋನಿಟ್ಟು, ಸೆರಗಿನಲ್ಲಿ ಅದರ ಗಾಜು ಒರೆಸಿ, ನನಗೆ ಭಾವನ ಇಡೀ ದಿನ ಹೇಳುತ್ತಿದ್ದಳು. ಎದ್ದರಂತೆ, ಕಿಟಕಿ ತೆಗೆದರಂತೆ, ಕೆಳಗಿನ ಮನೆಯವರ ನಲ್ಲಿ ಸದ್ದು ನಿಂತ ಮೇಲೆ ಸ್ನಾನಕ್ಕೆ ಹೋದರಂತೆ, ಎರಡನೇ ಬಸ್ಸು ಹತ್ತಿದರಂತೆ, ಮಧ್ಯಾಹ್ನ ಮೆಸ್ಸಿನಲ್ಲಿ ಮಜ್ಜಿಗೆ ಹುಳಿಯಾಗಿತ್ತಂತೆ, ಪಾಪ.

“ಇಷ್ಟೆಲ್ಲ ಯಾವಾಗ ಹೇಳಿದ್ರೇ?” ಎಂದರೆ, “ಈಗ ಹೇಳಿದ್ರಲ್ಲ,” ಎನ್ನುತ್ತಿದ್ದಳು.

ಭಾವ ಅಷ್ಟು ವರ್ಷವೂ, ಅಕ್ಕ ಆ ಒಂದು ತಿಂಗಳು ಇದ್ದ ಅದೇ ಹಳೆಯ ಬಾಡಿಗೆ ರೂಮಿನಲ್ಲೇ ಇದ್ದರು. ಮೇಲೆ ಶೀಟು, ಬೇಸಿಗೆಯಲ್ಲಿ ಒಳಗೆ ಇಡ್ಲಿ ಬೇಯಿಸಬಹುದು. ಒಳ್ಳೆಯ ಸಂಬಳ ಬರುವಾಗ ಬೇರೆ ಮನೆ ಹಿಡಿಯಬಾರದೇ ಎಂದು ನನ್ನ ಯಜಮಾನರು ಕೇಳಿದ್ದಕ್ಕೆ, ಆಮೇಲೆ ಅವಳಿಗೆ ಎಲ್ಲ ಮೊದಲಿಂದ ಹೇಳಬೇಕಾಗುತ್ತದೆ ಎಂದರಂತೆ. ಎಂಥ ಸೋಮಾರಿತನ! ಇನ್ನೊಮ್ಮೆ ನಾನು, ಹಗಲೆಲ್ಲ ವಿಡಿಯೋ ಪರೀಕ್ಷೆ ಮಾಡುವವರು ಹೆಂಡತಿಗೆ ಒಂದು ವಿಡಿಯೋ ಕಾಲ್ ಮಾಡಬಾರದೇ ಎಂದು ರೇಗಿದೆ. “ನನ್ನ ಮುಖ ಅವಳು ನೋಡಿದಾಳಲ್ಲ,” ಎಂದರು.

ಕಚೇರಿಯ ಬುದ್ಧಿ ಊರಿಗೆ ಬಂದರೂ ಬಿಡುತ್ತಿರಲಿಲ್ಲ. ಯಾವುದನ್ನು ತೋರಿಸಿದರೂ “ಇದರಲ್ಲಿ ಹೊಸದೇನಿದೆ?” ಎಂಬುದೊಂದೇ ಪ್ರಶ್ನೆ. ನನ್ನ ಯಜಮಾನರು ಹಸುಗಳಿಗೆ ತಾನಾಗಿ ನೀರು ತುಂಬುವ ತೊಟ್ಟಿಯೊಂದನ್ನು ಮಾಡಿ, ಊರವರನ್ನೆಲ್ಲ ಕರೆದು ತೋರಿಸಿ, ಮೀಸೆ ತಿರುವಿಕೊಂಡು ನಿಂತಿದ್ದರು. ಭಾವ ಅದನ್ನು ಸುತ್ತು ಹಾಕಿ ನೋಡಿದರು, ಬಗ್ಗಿ ನೋಡಿದರು, ಒಳಗೆ ಕೈ ಹಾಕಿ ತೇಲುವ ಬುರುಡೆಯನ್ನು ಮುಟ್ಟಿ ನೋಡಿದರು. ಆಮೇಲೆ ಊರವರ ಮುಂದೆಯೇ, ಇದು ಕಕ್ಕಸಿನ ತೊಟ್ಟಿಯಲ್ಲಿ ಮೊದಲೇ ಇದೆ ಎಂದುಬಿಟ್ಟರು. ಯಜಮಾನರ ಮುಖ ಊದಿಕೊಂಡಿತು, ಒಬ್ಬಟ್ಟು ಮುಟ್ಟಲಿಲ್ಲ. ಹೊರಡುವಾಗ ಭಾವ ಬಾಗಿಲಲ್ಲಿ ನಿಂತು, ಹಸು ಮೂತಿಯಿಂದ ಒತ್ತಿದರೆ ನೀರು ಬರುವ ಹಾಗೆ ಮಾಡಿದ್ದೀಯಲ್ಲ, ಅದೊಂದನ್ನು ಮಾತ್ರ ಹಿಂದೆ ಎಲ್ಲೂ ನೋಡಿಲ್ಲ ಎಂದರು. ಅಷ್ಟಕ್ಕೇ ನಮ್ಮ ಯಜಮಾನರು ಕರಗಿ ನೀರು! ಇವತ್ತಿಗೂ ಮನೆಗೆ ಬಂದವರಿಗೆ, ಸರ್ಕಾರಿ ಪರೀಕ್ಷಕರು ಒಪ್ಪಿದ ಮೂತಿ ಇದು ಎಂದು ತೋರಿಸುತ್ತಾರೆ.

ನನ್ನ ಮಗಳನ್ನು ನೋಡಲು ನೆಲಮಂಗಲ ಕಡೆಯಿಂದ ಗಂಡಿನವರು ಬಂದಾಗ ಇನ್ನೂ ಚೆಂದ. ಹುಡುಗನ ತಂದೆ ಹೊಗಳಿದ್ದೇ ಹೊಗಳಿದ್ದು. ಸರ್ಕಾರಿ ಕೆಲಸ, ಅದಕ್ಕೇ ಮನೆ ಕಟ್ಟಲು ಸಾಲ ಸಿಕ್ಕಿದೆ, ಅದಕ್ಕೇ ಕಾರು ಬುಕ್ ಮಾಡಿದ್ದಾನೆ, ಅದಕ್ಕೇ ತಂಗಿಗೂ ಒಳ್ಳೆ ಕಡೆ ಸಂಬಂಧ ಬಂದಿದೆ. ಭಾವ ಪೂರ್ತಿ ಕೇಳಿ, “ಉಳಿದಿದ್ದೆಲ್ಲ ಒಂದನೇದರ ಮೇಲೇ ನಿಂತಿದೆ. ಒಂದನೇದು ಖಾಯಂ ಆಗಿದೆಯಾ?” ಎಂದರು. ಆಗಿರಲಿಲ್ಲ. ಅವರು ಕಾಫಿ ಕುಡಿಯದೆ ಎದ್ದು ಹೋದರು. ನಾನು ಕೆಂಡಾಮಂಡಲವಾಗಿ ಅಡುಗೆಮನೆಗೆ ಬಂದರೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವಳಿಗೆ ಹೊಟ್ಟೆನೋವು ಶುರುವಾದದ್ದು ಆ ಮಳೆಗಾಲದಲ್ಲೇ.

ಗ್ಯಾಸ್ಟ್ರಿಕ್ ಎಂದುಕೊಂಡೆವು. ಜೀರಿಗೆ ಕಷಾಯ ಕುಡಿಸಿದೆವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ಹೇಳುವ ಹೊತ್ತಿಗೆ ತಡವಾಗಿತ್ತು. ಭಾವ ಉದ್ದ ರಜೆ ಹಾಕಿ ಬಂದು ಅಕ್ಕನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕೂತರು ಅಷ್ಟೇ. ಎದುರಿಗೇ ಇರುವಾಗ ಕಳಿಸಲು ಏನಿದೆ? ಫೋನಿನಲ್ಲಿ ಬರುತ್ತಿದ್ದ ಆ ಒಂದೆರಡು ಮಾತೂ ನಿಂತುಹೋಯಿತು. ನನಗೆ ಸಿಟ್ಟು ತಡೆಯಲಿಲ್ಲ, ಹೆಂಡತಿಗೆ ಧೈರ್ಯ ಹೇಳುವ ಒಂದು ಮಾತಾದರೂ ಆಡಿ ಎಂದೆ. ಅವಳಿಗೆ ಎಲ್ಲ ಗೊತ್ತಿದೆ ಎಂದು ಅವಳ ಕಾಲ ಮೇಲಿನ ಹೊದಿಕೆ ಸರಿ ಮಾಡಿದರು.

ಔಷಧಿ ಶುರುವಾದ ಮೇಲೆ ಆಗಾಗ ಸ್ಕ್ಯಾನಿಂಗ್. ಡಾಕ್ಟರು ನೋಡಿ ಹೋದ ಸಲದ ಹಾಗೇ ಇದೆ ಎನ್ನುವರು. ಭಾವ ಹೊರಗೆ ಬಂದು “ಹೊಸದೇನಿಲ್ಲ,” ಎಂದು ನನಗೆ ಹೇಳುವರು. ಜನ್ಮವಿಡೀ ಕಂಡಕಂಡದ್ದಕ್ಕೆಲ್ಲ ಹೊಸದೇನಿದೆ ಎಂದು ಕೊಕ್ಕೆ ಹಾಕಿದ ಮನುಷ್ಯನಿಗೆ, ಹೊಸದೇನೂ ಇಲ್ಲ ಎಂದು ಹೇಳುವಾಗ ಮುಖ ಅಷ್ಟಗಲ ಅರಳಿರುತ್ತಿತ್ತು. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ನನಗೆ ಮಸಾಲೆ ದೋಸೆ ಕೊಡಿಸುತ್ತಿದ್ದರು. ದೋಸೆ ತಿನ್ನುತ್ತ ನಾನೂ ನಗುತ್ತಿದ್ದೆ. ಇದು ಹೀಗೇ ನಡೆದುಕೊಂಡು ಹೋಗುತ್ತದೆ ಅಂದುಕೊಂಡಿದ್ದೆವು.

ಆಮೇಲೊಂದು ಸಲ ಡಾಕ್ಟರು ಹೊಸ ಫಿಲ್ಮಿನ ಮೇಲೆ ಬೆರಳಿಟ್ಟು ತೋರಿಸಿದರು. ಲಿವರಿನ ಮೇಲೆ ಒಂದು ಚುಕ್ಕೆ. ಭಾವ ಚೀಲದಿಂದ ಹಳೆಯ ಫಿಲ್ಮುಗಳನ್ನೆಲ್ಲ ತೆಗೆದರು. ಒಂದೊಂದನ್ನೇ ಹೊಸದರ ಪಕ್ಕ ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು, ಅರ್ಜಿಗಳನ್ನು ನೋಡುವ ಹಾಗೇ ನೋಡಿದರು. ಹಿಂದಿನದರಲ್ಲಿ ಎಲ್ಲಾದರೂ ಒಂದು ಕಡೆ ಆ ಚುಕ್ಕೆ ಸಿಗಲಿ ಎಂದು ನಾನೂ ದೇವರಿಗೆ ಹರಕೆ ಹೊತ್ತೆ. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು, ಆದರೂ ಡಾಕ್ಟರು ಆತುರ ಮಾಡಲಿಲ್ಲ.

“ಇದು ಮೊದ್ಲೇ ಇತ್ತಲ್ವಾ ಡಾಕ್ಟ್ರೇ? ಇಲ್ಲಿ ಸ್ವಲ್ಪ ಮಬ್ಬಾಗಿ ಕಾಣ್ತಿದೆ,” ಎಂದರು ಭಾವ.

“ಇಲ್ಲ ಸಾರ್. ಇದು ಹೊಸದು.”

ಎಷ್ಟೋ ಜನರ ಅರ್ಜಿಗಳನ್ನು ಹಿಂದೆಯೇ ಇದೆ ಎಂದು ತಳ್ಳಿಹಾಕಿದ ನಮ್ಮ ಭಾವನಿಂದ ಇದೊಂದನ್ನು ತಳ್ಳಿಹಾಕಲು ಆಗಲಿಲ್ಲ. ಫಿಲ್ಮುಗಳನ್ನು ಹಳೆಯದು ಮೊದಲು, ಹೊಸದು ಕೊನೆಗೆ ಜೋಡಿಸಿ ಚೀಲಕ್ಕೆ ಹಾಕಿದರು. ಆವತ್ತು ಯಾರೂ ದೋಸೆಯ ಮಾತೆತ್ತಲಿಲ್ಲ.

ಅಕ್ಕನನ್ನು ತೂಬಗೆರೆಗೆ ಕರೆತಂದೆವು. ಒಂದು ಮಧ್ಯಾಹ್ನ ಭಾವ ಎಳನೀರು ತರಲು ಹೋಗಿದ್ದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. ತನ್ನ ನೋವು ಹೇಳಿಕೊಳ್ಳುತ್ತಾಳೆ ಅಂದುಕೊಂಡೆ.

“ನಾನಿಲ್ದಿದ್ರೆ ಇವರು ಸಾಯಂಕಾಲ ಯಾರಿಗೆ ಫೋನ್ ಮಾಡ್ತಾರೆ?” ಎಂದಳು. “ನೀನು ಎತ್ಕೋ. ಅರ್ಥ ಆಗ್ಲಿಲ್ಲ ಅಂತ ಬೈಬೇಡ. ಅವರಿಗೆ ಮೊದ್ಲಿಂದ ಹೇಳಕ್ಕೆ ಬರಲ್ಲ ಕಣೇ.”

ಎತ್ತಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಅವಳು ಅಷ್ಟಕ್ಕೆ ಸಮಾಧಾನವಾದವಳ ಹಾಗೆ ಕಣ್ಣು ಮುಚ್ಚಿದಳು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ಸಾವಿನ ಮನೆಗೆ ಬಂದವರು ಏನಾಯಿತು, ಹೇಗಾಯಿತು ಎಂದು ಮೊದಲಿಂದ ಕೇಳುತ್ತಾರೆ. ಭಾವನಿಗೆ ಅದೆಲ್ಲಿ ಬರಬೇಕು? ಕಾಯಿಲೆಯ ವಿಷಯವೇ ಗೊತ್ತಿಲ್ಲದೆ ತ್ಯಾಮಗೊಂಡ್ಲಿನಿಂದ ಓಡಿಬಂದ ನೆಂಟರಿಗೆ, ಬೆಳಿಗ್ಗೆ ನೀರು ಕುಡಿಯಲಿಲ್ಲ ಎಂದರು. ಅಷ್ಟೇ. ಅವರು ಜಗುಲಿಗೆ ಬಂದು, ಕಲ್ಲಿನಂಥ ಮನುಷ್ಯ ಎಂದು ಪಿಸುಗುಟ್ಟಿಕೊಂಡರು. ಆ ಮನುಷ್ಯನ ಮಾತನ್ನು ಬಿಡಿಸಿ ಓದಬಲ್ಲವಳು ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಬಂದವರಿಗೆಲ್ಲ ಮೊದಲಿಂದ ಕೊನೆವರೆಗೆ ನಾನೇ ಹೇಳಿದೆ, ಗಂಟಲು ಕಟ್ಟುವವರೆಗೆ.

ತಿಥಿ ಮುಗಿಸಿ ಭಾವ ಉಳಿದ ನೌಕರಿ ಮಾಡಲು ಚೆನ್ನೈಗೆ ಹೋದರು. ನಾನು ಸಾಯಂಕಾಲವಾದರೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದೆ. ಬರಲಿಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ಊಟ ಮಾಡುತ್ತಾರೋ ಇಲ್ಲವೋ, ಯಾರನ್ನು ಕೇಳಲಿ? ಕೊನೆಗೊಂದು ದಿನ ಹಾಲು ಕರೆಯಲು ಕೂತಾಗ ಫೋನು ಬಡಿದುಕೊಂಡಿತು. ಕ್ಯಾನು ಪಕ್ಕಕ್ಕಿಟ್ಟು ಎತ್ತಿದೆ.

“ನಿನ್ನೆ ಥರಾ…” ಎಂದರು ಭಾವ. ಅಲ್ಲಿಗೇ ನಿಂತಿತು.

ಡೇರಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುವವಳು ಹಸುವಿನ ಪಕ್ಕೆಗೆ ಹಣೆಯಿಟ್ಟು ಸುಮ್ಮನೆ ಕೂತೆ.

“ನೀನು ಈ ರೂಮು ನೋಡಿಲ್ಲ ಅಲ್ವಾ?” ಎಂದರು.

“ಇಲ್ಲ ಭಾವ.”

“ಹಾಗಾದ್ರೆ ಮೊದ್ಲಿಂದ ಹೇಳ್ತೀನಿ. ಬಾಗಿಲು ತೆಗೆದ್ರೆ ಎದುರಿಗೆ ಕಿಟಕಿ. ಎಡಗಡೆ ಗೋಡೆ ಮೇಲೆ ಒಂದು ಮೊಳೆ ಇದೆ. ಓರೆಯಾಗಿದೆ. ನಿಮ್ಮಕ್ಕ ಹೊಡೆದಿದ್ದು. ಅದಕ್ಕೆ ಏನು ಹಾಕಿದ್ರೂ ಜಾರಿ ಬೀಳತ್ತೆ…”

ಹೇಳುತ್ತಲೇ ಹೋದರು. ಸ್ಟೌ ಎಲ್ಲಿದೆ, ಯಾವ ಡಬ್ಬಿಯಲ್ಲಿ ಏನಿದೆ, ಕೆಳಗಿನ ಮನೆಯವರ ನಲ್ಲಿ ಎಷ್ಟು ಹೊತ್ತಿಗೆ ಸದ್ದು ಮಾಡುತ್ತದೆ, ಬಸ್ಸಿನಲ್ಲಿ ಯಾವ ಪಕ್ಕ ಕೂತರೆ ಬಿಸಿಲು ಬೀಳುವುದಿಲ್ಲ, ಮೆಸ್ಸಿನ ಭಟ್ಟ ಯಾವಾಗ ಬಡಿಸಿದರೂ ಯಾಕೆ ಮುಖ ಗಂಟಿಕ್ಕಿರುತ್ತಾನೆ. ಕೆಚ್ಚಲು ಬಿಗಿದು ಹಸು ಕೂಗಿತು. ಯಜಮಾನರು ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ತಾವೇ ಹಾಲು ಕರೆದುಕೊಂಡು ಡೇರಿಗೆ ಹೋದರು. ವಾಪಸು ಬಂದಾಗಲೂ ಭಾವ ಹೇಳುತ್ತಿದ್ದರು. ನಾನು ಹ್ಞೂಂ ಎನ್ನುತ್ತ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಒಂದನ್ನೂ ಮರೆಯಬಾರದು ಎಂದು ಕೇಳಿಸಿಕೊಂಡೆ.

“ಇಷ್ಟು ಇಟ್ಕೊಂಡಿರು,” ಎಂದರು ಕೊನೆಗೆ. “ನಾಳೆಯಿಂದ ಬದಲಾಗಿದ್ದು ಮಾತ್ರ ಹೇಳ್ತೀನಿ.”

ಮರುದಿನ ಅದೇ ಹೊತ್ತಿಗೆ ಫೋನು ಬಂತು. “ನಿನ್ನೆ ಥರಾನೇ. ಸಾರಿಗೆ ಉಪ್ಪು ಜಾಸ್ತಿ. ಇಡ್ತೀನಿ.”

ಭಾವ ಏನಂದರು ಎಂದು ಯಜಮಾನರು ಕೇಳಿದರು. ನಾನು ಗೋದಲಿಯ ಕಟ್ಟೆಯ ಮೇಲೆ ಕೂತು ಹೇಳಿದೆ. ಎದ್ದರಂತೆ, ಕಿಟಕಿ ತೆಗೆದರಂತೆ, ಓರೆ ಮೊಳೆಯನ್ನು ಒಂದು ಸಲ ನೋಡಿದರಂತೆ, ನಲ್ಲಿ ಸದ್ದು ನಿಂತ ಮೇಲೆ ಸ್ನಾನಕ್ಕೆ ಹೋದರಂತೆ, ಬಸ್ಸಿನಲ್ಲಿ ಬಿಸಿಲು ಬೀಳದ ಪಕ್ಕ ಜಾಗ ಸಿಕ್ಕಿತಂತೆ, ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತಂತೆ, ಪಾಪ.

“ಇಷ್ಟೆಲ್ಲ ಯಾವಾಗ ಹೇಳಿದ್ರು?” ಎಂದರು ಯಜಮಾನರು.

“ಈಗ ಹೇಳಿದ್ರಲ್ಲ,” ಎಂದೆ.